ರಿಯಲಿಸ್ಟಿಕ್ ಅಂತ ಮಾರಿದ ಫುಟ್ಬಾಲ್ ಗೇಮ್ ಬಗ್ಗೆ ಒಂದು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಅಪ್‌ಡೇಟ್ ಆದ ಮೇಲೆ ಆಫ್‌ಲೈನ್ ಕೆರಿಯರ್ ಮೋಡ್ ಹಾಳಾಗಿರುವ ಕುರಿತು

ಮಾನ್ಯರೇ,

ನಾಲ್ಕು ಸಾವಿರ ರೂಪಾಯಿಗೂ ಮೇಲೆ ಕೊಟ್ಟು ನಿಮ್ಮ ಫುಟ್ಬಾಲ್ ಗೇಮ್ ತೆಗೆದುಕೊಂಡವನು ನಾನು. ಆನ್‌ಲೈನ್‌ನಲ್ಲಿ ಯಾರನ್ನೋ ಸೋಲಿಸಿ ರ‍್ಯಾಂಕ್ ಏರುವ ಆಸೆ ನನಗಿಲ್ಲ. ಕೆರಿಯರ್ ಮೋಡ್‌ನಲ್ಲಿ, ಅಂದರೆ ಒಂದೇ ತಂಡವನ್ನು ಸೀಸನ್‌ನಿಂದ ಸೀಸನ್‌ಗೆ ನಡೆಸುವ ಆಟದಲ್ಲಿ, ಕೆಳಗಿನ ಡಿವಿಷನ್‌ನ ಒಂದು ಬಡ ತಂಡ ಹಿಡಿದುಕೊಂಡು, ಅರ್ಧಕ್ಕೆ 10 ನಿಮಿಷ ಇಟ್ಟು, ಪಾಸಿಂಗ್ ಮ್ಯಾನ್ಯುವಲ್‌ಗೆ (ಗೇಮ್‌ನ ಸಹಾಯವಿಲ್ಲದೆ ನಾವೇ ಗುರಿಯಿಡುವುದು) ಹಾಕಿ, ಕ್ಯಾಮೆರಾ ದೂರ ಸರಿಸಿ ನಿಧಾನಕ್ಕೆ ಆಡುತ್ತೇನೆ. 0-0 ಆದರೂ ಬೇಜಾರಿಲ್ಲ. ಇಂಥವರಿಗಾಗಿಯೇ ರಿಯಲಿಸ್ಟಿಕ್ ಮೋಡ್ ಮಾಡಿದ್ದೇವೆ ಅಂತ ನೀವೇ ಜಾಹೀರಾತಿನಲ್ಲಿ ಹೇಳಿದ್ದು, ಅಲ್ವಾ?

ಮೊದಲಿಗೆ ಅದು ಚೆನ್ನಾಗಿಯೂ ಇತ್ತು. ಓಟದ ವೇಗ ಸ್ವಲ್ಪ ಇಳಿಸಿ, ಪಾಸ್ ತಪ್ಪುವ ಪ್ರಮಾಣದ ಸ್ಲೈಡರನ್ನು (ಅಂಕಿ ಏರಿಸಿ ಇಳಿಸುವ ಸೆಟ್ಟಿಂಗ್) ನನಗೂ ಕಂಪ್ಯೂಟರ್‌ಗೂ ಸಮನಾಗಿ ಏರಿಸಿದ್ದೆ. ಆಟ ಹದಕ್ಕೆ ಬಂದಿತ್ತು. ಬಾಲನ್ನು ಎಡಗಡೆ ಇಟ್ಟುಕೊಂಡು ಆಡಿಸಿ, ಎದುರಾಳಿಗಳೆಲ್ಲ ಆ ಕಡೆ ಸರಿದ ಮೇಲೆ ಬಲಗಡೆಗೆ ಒಂದು ಉದ್ದ ಪಾಸ್. ಅಲ್ಲಿ ನನ್ನ ಫುಲ್‌ಬ್ಯಾಕ್ (ಅಂಚಿನ ರಕ್ಷಕ) ಒಬ್ಬನೇ. ಅವನಿಗೆ ತಲೆ ಎತ್ತಿ ನೋಡಲು ಪುರುಸೊತ್ತು ಸಿಗುತ್ತಿತ್ತು. ಅಂಚಿನಿಂದ ಗೋಲಿನ ಮುಂದಕ್ಕೆ ಅವನು ಹಾಕುವ ಕ್ರಾಸ್ ಹೆಚ್ಚಾಗಿ ಹಾಳಾಗುತ್ತಿತ್ತು, ಯಾಕಂದ್ರೆ ಅವನ ಕ್ರಾಸಿಂಗ್ ರೇಟಿಂಗ್ ಅಷ್ಟಕ್ಕಷ್ಟೇ. ಆದರೆ ಆ ಜಾಗ ನಾನೇ ಮಾಡಿಕೊಂಡದ್ದಾಗಿತ್ತು.

ಈಗಿನ ಅಪ್‌ಡೇಟ್ ಆದ ಮೇಲೆ ಇದೆಲ್ಲ ಹೋಯಿತು. ಆನ್‌ಲೈನ್ ಆಟಗಾರರು ಆಟ ನಿಧಾನ ಅಂತ ಗಲಾಟೆ ಮಾಡಿದರು, ನೀವು ವೇಗ ಏರಿಸಿದಿರಿ. ಏರಿಸಿ, ನನ್ನ ತಕರಾರಿಲ್ಲ. ಆದರೆ ಅದನ್ನೇ ತಂದು ನನ್ನ ಕೆರಿಯರ್ ಮೋಡ್‌ಗೆ ಎಂತಕ್ಕೆ ಸುರಿದದ್ದು ಮಾರಾಯ್ರೆ? ನಾನು ಇಟ್ಟ ಸ್ಲೈಡರ್ ಅಂಕಿಗಳೆಲ್ಲ ಅಳಿಸಿಹೋಗಿ ಪುನಃ ಮೂಲದ 50ಕ್ಕೆ ಬಂದು ನಿಂತಿವೆ. ಬರೆದಿಟ್ಟುಕೊಂಡಿದ್ದರಿಂದ ಮತ್ತೆ ಹಾಕಿದೆ. ಹಾಕಿಯೂ ಪ್ರಯೋಜನ ಇಲ್ಲ. ಅದೇ ಅಂಕಿಗೆ ಈಗ ಬೇರೆಯೇ ಆಟ.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ವಿಂಗರ್, ಅಂದರೆ ಅಂಚಿನಲ್ಲಿ ದಾಳಿಗೆ ಓಡುವವನು, ತಂಡದಲ್ಲೇ ವೇಗದ ಹುಡುಗ. ಹಾಫ್‌ಲೈನ್ ಹತ್ತಿರ ಎದುರಾಳಿಯ ಸೆಂಟರ್‌ಬ್ಯಾಕನ್ನು (ನಡುವಿನ ರಕ್ಷಕ) ದಾಟಿ, ಅವನನ್ನು ಸಾಕಷ್ಟು ಹಿಂದೆ ಬಿಟ್ಟು ಹೋದ. ಆ ಸೆಂಟರ್‌ಬ್ಯಾಕ್‌ಗೆ ವಯಸ್ಸು 34, ನಿಮ್ಮದೇ ಪಟ್ಟಿಯಲ್ಲಿ ಪೇಸ್, ಅಂದರೆ ವೇಗದ ಅಂಕ, ಬರೀ 38. ಪೆನಾಲ್ಟಿ ಬಾಕ್ಸ್ ಬರುವಷ್ಟರಲ್ಲಿ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಬಂದು ಪಕ್ಕದಲ್ಲಿ ನಿಂತಿದ್ದ. ರಿಪ್ಲೇ ಹಾಕಿ ನೋಡಿದೆ. ಕಾಲು ಆಡುವ ವೇಗ ಒಂದು, ಮೈ ಮುಂದೆ ಹೋಗುವ ವೇಗ ಇನ್ನೊಂದು. ಹುಲ್ಲಿನ ಮೇಲೆ ಜಾರಿಕೊಂಡೇ ಬಂದಿದ್ದಾನೆ! ವಿಡಿಯೋ ದೂರಿನ ಜೊತೆ ಕಳಿಸಿದ್ದೇನೆ.

ಇನ್ನು ದಣಿವಿನ ಕಥೆ. ನಿಜವಾದ ಪಂದ್ಯದಲ್ಲಿ ಒಬ್ಬ ಮಿಡ್‌ಫೀಲ್ಡರ್ 10-11 ಕಿಲೋಮೀಟರ್ ಓಡುತ್ತಾನೆ. ಅದರಲ್ಲಿ ಪೂರ್ತಿ ದಮ್ಮು ಕಟ್ಟಿ ಓಡುವುದು ಕೆಲವು ನೂರು ಮೀಟರ್ ಮಾತ್ರ. ಉಳಿದದ್ದು ನಡಿಗೆ, ಜಾಗಿಂಗ್, ನಿಂತು ನೋಡುವುದು. ನಿಮ್ಮ ಗೇಮ್‌ನಲ್ಲಿ ಈಗ ಎದುರಾಳಿಗಳು ಮೊದಲ ನಿಮಿಷದಿಂದ ಕೊನೆಯವರೆಗೂ ಮೈಮೇಲೆ ಬಿದ್ದು ಪ್ರೆಸ್ ಮಾಡುತ್ತಾರೆ, ಒಬ್ಬನಿಗೂ ಏದುಸಿರಿಲ್ಲ. ನನ್ನವರು ಮಾತ್ರ ಗೇಮ್ ಗಡಿಯಾರದ 60ನೇ ನಿಮಿಷಕ್ಕೆ ದಣಿವಿನ ಕೆಂಪು ಬಾರ್ ತೋರಿಸುತ್ತಾರೆ. ಅರ್ಧದ ಅವಧಿ ಜಾಸ್ತಿ ಇಟ್ಟರೆ ದಣಿವನ್ನು ಅದಕ್ಕೆ ತಕ್ಕಂತೆ ಹಂಚಬೇಕು. ಹಂಚಿಲ್ಲ. ನಿಯಮ ಕೊಡುವುದು ಐದು ಬದಲಿ ಆಟಗಾರರನ್ನು. ಸುಸ್ತಾದವರು ಹತ್ತು ಜನ.

ಫೌಲ್ ಅಂತೂ ಕೇಳಲೇಬೇಡಿ. ದೊಡ್ಡ ಲೀಗ್‌ಗಳ ಪಂದ್ಯದಲ್ಲಿ ಎರಡೂ ಕಡೆಯಿಂದ ಸೇರಿ ಇಪ್ಪತ್ತರ ಆಸುಪಾಸು ಫೌಲ್ ಆಗುತ್ತದೆ. ನಿಮ್ಮ ಕಂಪ್ಯೂಟರ್ ಆಟಗಾರರು ಅಷ್ಟು ಸಭ್ಯರು, ಫೌಲೇ ಮಾಡುವುದಿಲ್ಲ. ಹಾಗಾಗಿ ನನಗೆ ಫ್ರೀಕಿಕ್ ಇಲ್ಲ, ಪೆನಾಲ್ಟಿ ಅಂತೂ ಹಬ್ಬಕ್ಕೂ ಇಲ್ಲ. ಫೌಲ್ ಸ್ಲೈಡರನ್ನು ಕೊನೆಯ ತನಕ ಏರಿಸಿದರೂ ರೆಫ್ರಿ ಸೀಟಿ ಊದುವುದು ನನ್ನವರ ಮೇಲೇ.

ಗೋಲುಗಳೂ ಹಾಗೇ. 2022ರ ಕತಾರ್ ವಿಶ್ವಕಪ್‌ನಲ್ಲಿ 64 ಪಂದ್ಯಗಳಲ್ಲಿ ಬಿದ್ದದ್ದು 172 ಗೋಲು, ಅಂದರೆ ಪಂದ್ಯಕ್ಕೆ ಮೂರೂ ಇಲ್ಲ. ನನ್ನ ಮೂರನೇ ದರ್ಜೆ ತಂಡ ಈಗ 6-5 ಅಂತ ಗೆಲ್ಲುತ್ತಿದೆ. ಗೆದ್ದರೂ ಖುಷಿ ಇಲ್ಲ.

ಓಟದ ಆಟವೇ ಬೇಕಿದ್ದರೆ ನಮ್ಮ ಕಾಸರಗೋಡಿನಲ್ಲಿ ಅದಕ್ಕೆ ಬರ ಇಲ್ಲ. ಮೊಗ್ರಾಲ್‌ನಿಂದ ತ್ರಿಕ್ಕರಿಪುರದವರೆಗೆ ಫುಟ್ಬಾಲ್ ಹುಚ್ಚಿನ ಊರುಗಳೇ. ಬೇಸಿಗೆ ಬಂತೆಂದರೆ ರಾತ್ರಿ ಫ್ಲಡ್‌ಲೈಟ್ ಹಾಕಿ ಸೆವೆನ್ಸ್. ಒಂದೊಂದು ಕಡೆಗೆ ಏಳು ಜನ, ಸಣ್ಣ ಮೈದಾನ, ಬಾಲ್ ಸಿಕ್ಕಿದ ಕೂಡಲೇ ಗೋಲಿನ ಕಡೆ ಓಟ. ಅದು ನನಗೂ ಇಷ್ಟ. ಆದರೆ ಹನ್ನೊಂದು ಜನರ ಆಟಕ್ಕೆ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಲ್ಲಿ ಜಾಗ ಹುಡುಕುವುದೇ ಆಟ. ನೀವು ಹನ್ನೊಂದು ಜನರನ್ನು ನಿಲ್ಲಿಸಿ ಸೆವೆನ್ಸ್ ಆಡಿಸುತ್ತಿದ್ದೀರಿ.

ಮಳೆಯ ಬಗ್ಗೆಯೂ ಒಂದು ಮಾತು, ಅದು ಹೇಳದಿದ್ದರೆ ನಾನು ಈ ಊರಿನವನೇ ಅಲ್ಲ. ಜೂನ್ ತಿಂಗಳಲ್ಲಿ ಶಾಲೆ ಮೈದಾನದಲ್ಲಿ ಆಡಿದ ಯಾರನ್ನಾದರೂ ಕೇಳಿ. ಒದ್ದೆ ಹುಲ್ಲಿಗೆ ಬಿದ್ದ ಬಾಲ್ ಸರ್ರನೆ ಜಾರಿ ಮುಂದೆ ಹೋಗುತ್ತದೆ. ನೀರು ನಿಂತಲ್ಲಿ ಅದೇ ಬಾಲ್ ಗಪ್ಪಂತ ನಿಲ್ಲುತ್ತದೆ, ಹಿಂದೆ ಓಡಿ ಬಂದವನು ಅದನ್ನು ದಾಟಿ ಮುಗ್ಗರಿಸುತ್ತಾನೆ. ನಿಮ್ಮ ಗೇಮ್‌ನಲ್ಲಿ ಮಳೆ ಅಂದರೆ ಪರದೆಯ ಮೇಲೆ ನಾಲ್ಕು ಗೆರೆ, ಪ್ರೇಕ್ಷಕರಿಗೆ ರೈನ್‌ಕೋಟ್. ಬಾಲ್‌ಗೆ ಒಂದು ಹನಿಯೂ ತಾಗುವುದಿಲ್ಲ. ಇದು ಅಪ್‌ಡೇಟ್‌ಗೆ ಮೊದಲೂ ಹೀಗೇ ಇತ್ತು, ಸುಮ್ನೆ ಹೇಳಿದೆ ಅಷ್ಟೇ.

ಅಪ್‌ಡೇಟ್ ಬೇಡ ಅಂತ ಬಿಡೋಣ ಅಂದರೆ ಅದಕ್ಕೂ ದಾರಿ ಇಲ್ಲ. ಅದನ್ನು ಹಾಕದೆ ಗೇಮ್ ತೆರೆಯುವುದೇ ಇಲ್ಲ. ಒಬ್ಬನೇ ಮನೆಯಲ್ಲಿ ಕೂತು ಆಡುವ ಆಫ್‌ಲೈನ್ ಆಟಕ್ಕೂ ಮೊದಲು ನಿಮ್ಮ ಸರ್ವರ್‌ನ ಅಪ್ಪಣೆ ಬೇಕು. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ ಬರುವಾಗ ಆ ಡೌನ್‌ಲೋಡ್ ಮುಗಿಸುವುದೇ ಒಂದು ಸಾಹಸ.

ಇದೆಲ್ಲ ಮೊದಲು ಇಂಗ್ಲಿಷ್‌ನಲ್ಲಿ ಬರೆದು ಕಳಿಸಿದ್ದೆ. ಗೇಮ್ ಅಳಿಸಿ ಮತ್ತೆ ಹಾಕಿ, ಇಂಟರ್ನೆಟ್ ಪರೀಕ್ಷಿಸಿ, ಕಂಟ್ರೋಲರ್ ಬದಲಿಸಿ ಅಂತ ಉತ್ತರ ಬಂತು. ಜೊತೆಗೆ ಸಮಸ್ಯೆ ಬಗೆಹರಿದಿದೆ ಅಂತ ಹೇಳಿ ದೂರನ್ನೂ ಮುಚ್ಚಿದಿರಿ. ಸೆಂಟರ್‌ಬ್ಯಾಕ್‌ನ ಕಾಲಿಗೂ ನನ್ನ ವೈಫೈಗೂ ಏನು ಸಂಬಂಧ?

ನನಗೆ ಬೇಕಾದದ್ದು ದೊಡ್ಡದೇನಲ್ಲ. ಆನ್‌ಲೈನ್‌ಗೆ ಮಾಡುವ ಬದಲಾವಣೆ ಆಫ್‌ಲೈನ್ ಕೆರಿಯರ್‌ಗೆ ತಾಗದಂತೆ ಬೇರೆ ಮಾಡಿ. ಹಿಂದಿನ ಆವೃತ್ತಿಯ ಆಟವನ್ನು ಆರಿಸಿಕೊಳ್ಳುವ ಒಂದು ಆಯ್ಕೆ ಕೊಡಿ. ನಾನಿಟ್ಟ ಸ್ಲೈಡರ್‌ಗಳನ್ನು ಮುಟ್ಟಬೇಡಿ. ಇದು ಆಗುವುದಿಲ್ಲ ಅಂದರೆ ಹಣ ವಾಪಸ್ ಕೊಡಿ, ಯಾಕಂದ್ರೆ ನಾನು ಕೊಂಡ ಆಟ ಈಗ ನನ್ನ ಹತ್ತಿರ ಇಲ್ಲ.

ಮೂವತ್ತು ದಿನ ಕಾಯುತ್ತೇನೆ. ಆಮೇಲೆ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮ್ಮ ಕಚೇರಿ ಇರುವ ಊರಿಗೆ ನಾನು ಬರಬೇಕಿಲ್ಲ.

ಉತ್ತರ ಯಾವ ಭಾಷೆಯಲ್ಲಿ ಬರೆದರೂ ಅಡ್ಡಿಯಿಲ್ಲ. ಕಂಟ್ರೋಲರ್ ಬದಲಿಸಿ ಅಂತ ಮಾತ್ರ ಬರೆಯಬೇಡಿ.

ಇತಿ,
ನಿಮ್ಮ ಗ್ರಾಹಕ
ಕುಂಬಳೆ, ಕಾಸರಗೋಡು ಜಿಲ್ಲೆ

ಲಗತ್ತು: ಖರೀದಿ ರಸೀದಿ, ರಿಪ್ಲೇ ವಿಡಿಯೋ, ಅಪ್‌ಡೇಟ್‌ಗೆ ಮೊದಲಿನ ಮತ್ತು ನಂತರದ ಸ್ಲೈಡರ್‌ಗಳ ಚಿತ್ರ