ಮಗಳ ಇಂಗ್ಲಿಷ್ ಓರಲ್‌ಗೆ ಯಾವ ವಿಷಯ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮಗಳ ಇಂಗ್ಲಿಷ್ ಓರಲ್‌ಗೆ, ಅಂದರೆ ಮಾತಿನ ಪರೀಕ್ಷೆಗೆ, ಇನ್ನು ಮೂರು ವಾರ ಇದೆ, ಯಾವ ವಿಷಯ ತಗೊಳ್ಳಲಿ ಎಂದು ಕೇಳಿದ್ದೀಯ. ಜೊತೆಗೆ ನೀನೇ ನಾಲ್ಕು ವಿಷಯ ಗುರುತು ಹಾಕಿ ಕಳಿಸಿದ್ದೀಯ: ಪರಿಸರ ಮಾಲಿನ್ಯ, ಮೊಬೈಲಿನ ಲಾಭ-ನಷ್ಟ, ಸಮಯದ ಮಹತ್ವ, ನನ್ನ ನೆಚ್ಚಿನ ವಿಜ್ಞಾನಿ. ಬೇಜಾರು ಮಾಡಿಕೊಳ್ಳಬೇಡ, ನಾಲ್ಕನ್ನೂ ಹೊಡೆದುಹಾಕು. ಪ್ರಬಂಧಕ್ಕಾದರೆ ನಡೆಯುತ್ತಿತ್ತು. ಪ್ರಬಂಧ ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಓರಲ್‌ನಲ್ಲಿ ಮಾತು ಮುಗಿಸಿ ಉಸಿರು ಬಿಡುವಷ್ಟರಲ್ಲಿ ಎದುರು ಕೂತವರು ಪ್ರಶ್ನೆ ಶುರು ಮಾಡುತ್ತಾರೆ. ಆದ್ದರಿಂದ ಮೂರು ನಿಮಿಷದ ಭಾಷಣಕ್ಕೆ ಒಪ್ಪುವ ವಿಷಯ ಹುಡುಕಬೇಡ, ಆಮೇಲೆ ಬರುವ ಪ್ರಶ್ನೆಗಳನ್ನು ತಡೆದುಕೊಳ್ಳುವ ವಿಷಯ ಹುಡುಕು.

ಇದು ನನ್ನ ಹಟ ಅಂದುಕೊಳ್ಳಬೇಡ, ಪರೀಕ್ಷೆಗಳ ರಚನೆಯೇ ಹಾಗಿದೆ. ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆಯಾದ ಕೇಂಬ್ರಿಜ್ ಐಜಿಸಿಎಸ್ಇಯ ಫಸ್ಟ್ ಲ್ಯಾಂಗ್ವೇಜ್ ಇಂಗ್ಲಿಷ್‌ನಲ್ಲಿ ಮಾತಿನ ಪರೀಕ್ಷೆ ತೆಗೆದುಕೊಂಡವರು ತಾವೊಬ್ಬರೇ ಮಾತಾಡುವುದು 3ರಿಂದ 4 ನಿಮಿಷ. ಅದೇ ವಿಷಯದ ಮೇಲಿನ ಸಂಭಾಷಣೆ 7ರಿಂದ 8 ನಿಮಿಷ. ಅಂದರೆ ಹೆಚ್ಚುಕಮ್ಮಿ ಎರಡು ಪಟ್ಟು. ಪಿಯುಸಿ ಮಟ್ಟದ ಅಂತರರಾಷ್ಟ್ರೀಯ ಕೋರ್ಸಾದ ಐಬಿ ಡಿಪ್ಲೊಮಾದಲ್ಲಿ, ಲ್ಯಾಂಗ್ವೇಜ್ ಎ ಎಂಬ ಸಾಹಿತ್ಯದ ಪಾಠದ ಇಂಡಿವಿಜುವಲ್ ಓರಲ್‌ನಲ್ಲಿ 10 ನಿಮಿಷ ಮಾತು, 5 ನಿಮಿಷ ಪ್ರಶ್ನೆ, ಕೈಯಲ್ಲಿ ಹೆಚ್ಚೆಂದರೆ 10 ಅಂಶಗಳ ಟಿಪ್ಪಣಿ. ಅಲ್ಲಿ ವಿಷಯವೂ ಓದಿದ ಕೃತಿಗಳಿಗೆ ಕಟ್ಟುಬಿದ್ದಿರುತ್ತದೆ, ಮನಸ್ಸಿಗೆ ಬಂದದ್ದನ್ನು ಆರಿಸುವ ಹಾಗಿಲ್ಲ. ಹಾಗಾಗಿ ಮೊದಲ ಕೆಲಸ ವಿಷಯ ಹುಡುಕುವುದಲ್ಲ, ಶಾಲೆಯಲ್ಲಿ ನಾಲ್ಕು ಮಾತು ಕೇಳಿಕೊಂಡು ಬರುವುದು. ಮಾತಿಗೆ ಎಷ್ಟು ನಿಮಿಷ, ಪ್ರಶ್ನೆಗೆ ಎಷ್ಟು? ಕೈಯಲ್ಲಿ ಚೀಟಿ ಇಟ್ಟುಕೊಳ್ಳಬಹುದೆ? ಚಿತ್ರವನ್ನೋ ವಸ್ತುವನ್ನೋ ತೋರಿಸಬಹುದೆ? ಅಂಕ ಹೇಗೆ ಹಂಚಿದ್ದಾರೆ? ಕೊನೆಯದು ಬಹಳ ಮುಖ್ಯ. ಉಚ್ಚಾರಣೆ, ವ್ಯಾಕರಣ, ನಿರರ್ಗಳತೆ, ವಿಷಯ, ಪ್ರಶ್ನೆಗೆ ಉತ್ತರ ಎಂದು ಭಾಗ ಮಾಡಿರುವ ಹಾಳೆ ಇದ್ದರೆ ಅದನ್ನು ಎದುರಿಗಿಟ್ಟುಕೊಂಡೇ ವಿಷಯ ಆರಿಸಿ.

ಇನ್ನು ವಿಷಯ. ಒಂದು ಹಾಳೆ ಕೊಟ್ಟು ಹತ್ತು ನಿಮಿಷದಲ್ಲಿ ಎಂಟು-ಹತ್ತು ವಿಷಯ ಅವಳೇ ಬರೆಯಲಿ. ನೀನು ಪಕ್ಕದಲ್ಲಿ ಕೂರಬೇಡ. ಕೂತರೆ ನಿನಗೆ ಇಷ್ಟವಾಗುವುದನ್ನೇ ಬರೆಯುತ್ತಾಳೆ. ಆಮೇಲೆ ಪ್ರತಿಯೊಂದರ ಮೇಲೂ ಒಂದು ನಿಮಿಷ ಮಾತಾಡಿಸು. ಇಂಗ್ಲಿಷ್‌ನಲ್ಲಲ್ಲ, ಕನ್ನಡದಲ್ಲಿ. ಕನ್ನಡದಲ್ಲೇ ಅರ್ಧ ನಿಮಿಷಕ್ಕೆ ಸರಕು ಮುಗಿದರೆ ಆ ವಿಷಯ ಸತ್ತಂತೆ, ಎಷ್ಟು ಇಂಗ್ಲಿಷ್ ಕಲಿಸಿದರೂ ಅದು ಏಳುವುದಿಲ್ಲ. ಕನ್ನಡದಲ್ಲಿ ಹರಿದು, ಇಂಗ್ಲಿಷ್‌ಗೆ ಬಂದಾಗ ತಡವರಿಸಿದರೆ ಚಿಂತೆಯಿಲ್ಲ. ಅದು ಪದಗಳ ಕೊರತೆ, ವಾರದಲ್ಲಿ ಸರಿಹೋಗುತ್ತದೆ. ಹೇಳಲು ಏನಾದರೂ ಇದೆಯೇ ಎಂಬುದನ್ನೂ ಹೇಳಲು ಭಾಷೆ ಇದೆಯೇ ಎಂಬುದನ್ನೂ ಬೇರೆ ಬೇರೆ ಮಾಡಿ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಹತ್ತರಲ್ಲಿ ಮೂರು ಉಳಿದರೆ ಸಾಕು.

ಉಳಿದದ್ದನ್ನು ಕಿರಿದು ಮಾಡುವುದು ಮುಂದಿನ ಕೆಲಸ. ಹೆಚ್ಚಿನವರು ಎಡವುವುದು ಇಲ್ಲೇ. ವಿಷಯ ದೊಡ್ಡದಾದಷ್ಟೂ ಹೇಳಲು ಹೆಚ್ಚು ಸಿಗುತ್ತದೆ ಎಂದು ಮಕ್ಕಳು ನಂಬಿರುತ್ತಾರೆ. ನಡೆಯುವುದು ಉಲ್ಟಾ. ಮಾಲಿನ್ಯ ಎಂದು ಆರಿಸಿದರೆ ಗಾಳಿ, ನೀರು, ನೆಲ, ಶಬ್ದ ಎಂದು ನಾಲ್ಕು ವಾಕ್ಯಕ್ಕೆ ನಾಲ್ಕು ಕಡೆ ಹಾರಿ, ಕೊನೆಗೆ ಎಲ್ಲರೂ ಗಿಡ ನೆಡಬೇಕು ಎಂದು ಕೈಮುಗಿಯಬೇಕಾಗುತ್ತದೆ. ಅದೇ ದಿನ ಅದೇ ಕೋಣೆಯಲ್ಲಿ ಅದೇ ವಾಕ್ಯಗಳನ್ನು ಆಗಲೇ ಮೂರು ಮಂದಿ ಹೇಳಿ ಹೋಗಿರುತ್ತಾರೆ. ಪರೀಕ್ಷಕರಿಗೂ ಕೇಳಲು ಏನೂ ತೋಚದೆ, ಅವಳಿಗೆ ಗೊತ್ತಿಲ್ಲದ ಯಾವುದೋ ಮೂಲೆಯಿಂದ ಪ್ರಶ್ನೆ ಎಸೆಯುತ್ತಾರೆ. ಚಿಕ್ಕ ವಿಷಯ ಆರಿಸಿದರೆ ಪ್ರಶ್ನೆಗಳು ಎಲ್ಲಿಂದ ಬರುತ್ತವೆ ಎಂಬುದು ನಿನಗೇ ಮೊದಲೇ ಗೊತ್ತಾಗುತ್ತದೆ.

ಒಂದು ಉದಾಹರಣೆ ಪೂರ್ತಿ ಮಾಡಿ ತೋರಿಸುತ್ತೇನೆ. ನಿನ್ನ ಪಟ್ಟಿಯ 'ನೆಚ್ಚಿನ ವಿಜ್ಞಾನಿ'ಯ ಜಾಗದಲ್ಲಿ ಅವಳು ಲೂಯಿ ಬ್ರೈಲ್ ಎಂದಳು ಎಂದಿಟ್ಟುಕೋ. 1809ರಲ್ಲಿ ಹುಟ್ಟಿದ, ಬಾಲ್ಯದಲ್ಲಿ ಕಣ್ಣು ಕಳೆದುಕೊಂಡ, ಉಬ್ಬಿದ ಚುಕ್ಕಿಗಳನ್ನು ಬೆರಳಲ್ಲಿ ಮುಟ್ಟಿ ಓದುವ ಲಿಪಿ ಮಾಡಿದ, 1852ರಲ್ಲಿ ತೀರಿಕೊಂಡ ಎಂದು ಹೇಳುತ್ತಾ ಹೋದರೆ ಅದು ವರದಿ. ಯಾರೂ ಅದರ ಜೊತೆ ಜಗಳವಾಡಲಾರರು. ಒಂದು ಮೆಟ್ಟಿಲು ಇಳಿಸು: ಮನುಷ್ಯನನ್ನು ಬಿಟ್ಟು ಲಿಪಿ. ಇನ್ನೊಂದು ಮೆಟ್ಟಿಲು: ಆರು ಚುಕ್ಕಿಯಲ್ಲಿ ಇಡೀ ವರ್ಣಮಾಲೆ ಹೇಗೆ ಹಿಡಿಸಿತು? ಮತ್ತೊಂದು: ಫೋನೇ ಎಲ್ಲವನ್ನೂ ಓದಿ ಹೇಳುವ ಈ ಕಾಲದಲ್ಲಿ ಕಣ್ಣು ಕಾಣದ ಮಕ್ಕಳು ಬ್ರೈಲ್ ಕಲಿಯಲೇಬೇಕೆ? ಈಗ ವಿಷಯ ಸಿಕ್ಕಿತು. ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಹೌದು ಎನ್ನಬಹುದು, ಇಲ್ಲ ಎನ್ನಬಹುದು, ಅವಳು ಒಂದು ಕಡೆ ನಿಲ್ಲಬಹುದು.

ಒಳಗೆ ತುಂಬಲು ಸಾಮಗ್ರಿಯೂ ಇದೆ. ಒಂದು ಅಕ್ಷರದ ಮನೆಯಲ್ಲಿ ಮೇಲಿಂದ ಕೆಳಗೆ ಎರಡು ಸಾಲು, ಒಂದೊಂದರಲ್ಲಿ ಮೂರು ಚುಕ್ಕಿ. ಖಾಲಿ ಮನೆಯನ್ನೂ ಸೇರಿಸಿದರೆ 64 ಜೋಡಣೆ. ಇಂಗ್ಲಿಷ್‌ನ ಮೊದಲ ಹತ್ತು ಅಕ್ಷರ, ಅಂದರೆ ಎ ಇಂದ ಜೆ ವರೆಗೆ, ಮೇಲಿನ ನಾಲ್ಕು ಚುಕ್ಕಿಯಲ್ಲೇ ಮುಗಿಯುತ್ತವೆ. ಅದೇ ಹತ್ತಕ್ಕೆ ಕೆಳಗಿನ ಎಡ ಚುಕ್ಕಿ ಸೇರಿಸಿದರೆ ಕೆ ಇಂದ ಟಿ ವರೆಗೆ. ಕೆಳಗಿನ ಎರಡೂ ಸೇರಿಸಿದರೆ ಯು ಮತ್ತು ಅದರ ಮುಂದಿನವು. ಡಬ್ಲ್ಯು ಮಾತ್ರ ಈ ಸಾಲಿಗೆ ಹೊಂದುವುದಿಲ್ಲ, ಏಕೆಂದರೆ ಲಿಪಿ ಹುಟ್ಟಿದ್ದು ಫ್ರೆಂಚ್‌ಗಾಗಿ. ಆಗಿನ ಫ್ರೆಂಚ್ ವರ್ಣಮಾಲೆಯಲ್ಲಿ ಡಬ್ಲ್ಯು ಲೆಕ್ಕಕ್ಕಿರಲಿಲ್ಲ, ಆಮೇಲೆ ಸೇರಿಸಿದರು. ಆರು ವೃತ್ತ ಬರೆದ ಒಂದು ಕಾರ್ಡ್ ಹಿಡಿದು ಇದನ್ನು ಮೂವತ್ತು ಸೆಕೆಂಡಿನಲ್ಲಿ ತೋರಿಸಬಹುದು. ಬೆಳಗಿನಿಂದ ಸಮಯದ ಮಹತ್ವ ಕೇಳಿ ಕೇಳಿ ದಣಿದ ಪರೀಕ್ಷಕರು ಆ ಡಬ್ಲ್ಯು ಹತ್ತಿರ ತಲೆ ಎತ್ತದಿದ್ದರೆ ಕೇಳು. ಆಮೇಲೆ ವಾದ: ಕೇಳಿಸಿಕೊಂಡರೆ ಕಥೆ ತಿಳಿಯುತ್ತದೆ, ಸ್ಪೆಲ್ಲಿಂಗ್ ತಿಳಿಯುವುದಿಲ್ಲ, ಅಲ್ಪವಿರಾಮ ಎಲ್ಲಿದೆ ಎಂಬುದು ಕಿವಿಗೆ ಸಿಕ್ಕುವುದಿಲ್ಲ, ಉದ್ದದ ಬೀಜಗಣಿತದ ಸಮೀಕರಣವನ್ನು ಬರೀ ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಇಷ್ಟು ಸಾಕು.

ಅವಳಿಗೆ ಇದು ಹಿಡಿಸದೆ ಫುಟ್‌ಬಾಲೇ ಬೇಕು ಅಂದರೆ ಅದನ್ನೂ ಹೀಗೇ ಇಳಿಸು. ಪೆನಾಲ್ಟಿ ಚುಕ್ಕಿಯಿಂದ ಗೋಲಿಗೆ 11 ಮೀಟರ್; ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡಿಗೆ ಅರ್ಧ ಸೆಕೆಂಡೂ ಬೇಡ. ಗೋಲ್‌ಕೀಪರ್ ಒಂದು ಬದಿಗೆ ಹಾರುವುದು ಜಾಣತನವೋ, ನಡುವೆ ನಿಲ್ಲುವುದೋ? ಫುಟ್‌ಬಾಲ್ ಗೊತ್ತಿಲ್ಲದ ಪರೀಕ್ಷಕರಿಗೂ ಇದರ ಮೇಲೆ ಕೇಳಲು ಪ್ರಶ್ನೆ ಹುಟ್ಟುತ್ತದೆ. ವಿಡಿಯೋ ಗೇಮ್ ಆರಿಸುವ ಮಕ್ಕಳು ಸಿಕ್ಕಿಬೀಳುವುದು ಇಲ್ಲಿ. ಆಟದ ನಿಯಮ ವಿವರಿಸುವುದರಲ್ಲೇ ಎರಡು ನಿಮಿಷ ಹೋಗುತ್ತದೆ. ಹಿನ್ನೆಲೆಯನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಲಾಗದಿದ್ದರೆ ಅಂಥ ವಿಷಯ ಬೇಡ.

ಯಾರೂ ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ: ವಿಷಯದ ಜೊತೆಗೇ ವ್ಯಾಕರಣವನ್ನೂ ಆರಿಸಿದ ಹಾಗಾಗುತ್ತದೆ. ಜೀವನಚರಿತ್ರೆ ಅಂದರೆ ಶುರುವಿನಿಂದ ಕೊನೆವರೆಗೂ ಭೂತಕಾಲ. ಬ್ರಿಂಗ್ ಹೋಗಿ ಬ್ರಾಟ್, ಟೀಚ್ ಹೋಗಿ ಟಾಟ್ ಆಗಬೇಕು. ಗಾಬರಿಯಲ್ಲಿ ಮೊದಲು ಕೈಕೊಡುವುದು ಇವೇ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬ ವಿಷಯಕ್ಕೆ ವರ್ತಮಾನ ಸಾಕು, ಆದರೆ 'ಇಟ್ ವರ್ಕ್ಸ್', 'ಶೀ ರೀಡ್ಸ್' ಎನ್ನುವಾಗ ಕೊನೆಯ ಸಕಾರ ಬೀಳಬಾರದು. 'ಹೀಗಾಗಿದ್ದರೆ' ಎಂಬ ಊಹೆಯ ವಿಷಯ ತಗೊಂಡರೆ ಪ್ರತಿ ವಾಕ್ಯಕ್ಕೂ ವುಡ್ ಬೇಕು, ಅದು ಎಲ್ಲಕ್ಕಿಂತ ಕಷ್ಟ. ಅವಳ ಹಳೆಯ ಉತ್ತರಪತ್ರಿಕೆ ತೆಗೆದು ಕೆಂಪು ಶಾಯಿ ಎಲ್ಲಿ ಹೆಚ್ಚು ಬಿದ್ದಿದೆ ನೋಡು. ಭೂತಕಾಲದ ಮೇಲೆ ಬಿದ್ದಿದ್ದರೆ ಇತಿಹಾಸದ ಕಡೆ ಹೋಗುವುದೇ ಬೇಡ.

ಉಚ್ಚಾರಣೆಯದೂ ಇದೇ ಲೆಕ್ಕ. ಅಂತಿಮವಾಗಿ ಉಳಿದ ವಿಷಯಕ್ಕೆ ತಪ್ಪಿಸಲಾಗದ ಹದಿನೈದು ಪದ ಬರೆದುಕೊಳ್ಳಿ, ಗಟ್ಟಿಯಾಗಿ ಓದಿಸು. ಐದಕ್ಕಿಂತ ಹೆಚ್ಚು ಪದಗಳಲ್ಲಿ ನಾಲಿಗೆ ತೊಡರಿದರೆ ವಿಷಯ ಬದಲಿಸುವುದೇ ಸುಲಭ. ನಮ್ಮ ಮಕ್ಕಳ ತಪ್ಪುಗಳು ಗೊತ್ತಿರುವಂಥವೇ: ಪದದ ಕೊನೆಗೆ ಒಂದು ಉಕಾರ ಅಂಟಿಸಿ ಬುಕ್ಕು, ಬಸ್ಸು ಎನ್ನುತ್ತಾರೆ, ಎಗ್ ಯೆಗ್ಗಾಗುತ್ತದೆ, ಓನ್ಲಿ ವೋನ್ಲಿಯಾಗುತ್ತದೆ, ಸ್ಟಾಪ್ಟ್ ಎನ್ನಬೇಕಾದಲ್ಲಿ ಸ್ಟಾಪೆಡ್. ಒತ್ತು ಜಾಗ ಬದಲಿಸುವ ಪದಗಳು ಇನ್ನೂ ತೊಂದರೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ಭಾಗದ ಮೇಲೆ, ಫಟಾಗ್ರಫಿಯಲ್ಲಿ ಎರಡನೆಯದರ ಮೇಲೆ. ಥರ್ಟೀನ್, ಥರ್ಟಿ ಬೆರೆತುಹೋದರೆ ಅಂಕಿಯೇ ತಪ್ಪಾಗುತ್ತದೆ. ಅದಕ್ಕೇ ಇಡೀ ಮಾತಿನಲ್ಲಿ ಮೂರು-ನಾಲ್ಕು ಅಂಕಿಗಿಂತ ಹೆಚ್ಚು ಬೇಡ.

ಮಾತಿನ ಉದ್ದ ಎಷ್ಟಿರಬೇಕು ಎಂದೂ ಕೇಳಿದ್ದೀಯ. ಕಲಿಯುವ ಮಕ್ಕಳು ಸ್ಪಷ್ಟವಾಗಿ ಮಾತಾಡಿದರೆ ನಿಮಿಷಕ್ಕೆ 110ರಿಂದ 120 ಪದ. ಮೂರು ನಿಮಿಷಕ್ಕೆ 350ರ ಆಸುಪಾಸು. ಶುರುವಿಗೆ 25 ಸೆಕೆಂಡು, 45 ಸೆಕೆಂಡಿನ ಮೂರು ಅಂಶ, ಮುಕ್ತಾಯಕ್ಕೆ 20. ಆದರೆ ಆ 350 ಪದವನ್ನು ಬರೆದು ಬಾಯಿಪಾಠ ಮಾಡಿಸಬೇಡ, ದಯವಿಟ್ಟು. ಬಾಯಿಪಾಠದ ಮಾತಿನಲ್ಲಿ ಒಂದು ಪದ ಕಳಚಿದರೆ ಮುಂದಿನದೂ ಬರುವುದಿಲ್ಲ. ಮಗು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ, ಪರೀಕ್ಷಕರಿಗೆ ಆಗಲೇ ಗೊತ್ತಾಗಿಬಿಡುತ್ತದೆ. ಚೀಟಿಯಲ್ಲಿ ಆರೇಳು ಪದ ಮಾತ್ರ ಇರಲಿ: 'ಸಿಕ್ಸ್ ಡಾಟ್ಸ್', 'ವೈ ಡಬ್ಲ್ಯು', 'ಸ್ಪೆಲ್ಲಿಂಗ್', 'ಮ್ಯಾಥ್ಸ್' ಹೀಗೆ. ಪೂರ್ತಿ ಇರಬೇಕಾದ್ದು ಮೊದಲ ವಾಕ್ಯ, ಕೊನೆಯ ವಾಕ್ಯ ಎರಡೇ. ಅವು ಬಾಯಿಪಾಠವಾಗಿದ್ದರೆ ಧೈರ್ಯ. ಇಂಟರ್ನೆಟ್ಟಿನಿಂದ ಎತ್ತಿದ ಭಾರೀ ಪದ ಒಂದೂ ಬೇಡ. 'ಪ್ಯಾರಮೌಂಟ್' ಎಂದು ಹೇಳಿ, ಹಾಗೆಂದರೇನು ಎಂದು ಕೇಳಿದಾಗ ಮೌನವಾದರೆ ಅಂಕ ಅಲ್ಲೇ ಹೋಯಿತು.

ಪ್ರಶ್ನೆಗಳಿಗೆ ತಯಾರಿ ನೀನೇ ಮಾಡಿಸಬಹುದು, ಇಂಗ್ಲಿಷ್ ಮೇಷ್ಟ್ರು ಬೇಕಿಲ್ಲ. ಹತ್ತು ಪ್ರಶ್ನೆ ಬರೆದಿಡು. ಕೆಲವು ವಿವರ ಕೇಳುವಂಥವು: ನೀನು ಬ್ರೈಲ್ ಮುಟ್ಟಿ ನೋಡಿದ್ದೀಯಾ, ಎಲ್ಲಿ? ಕೆಲವು ಕಾರಣ ಕೇಳುವಂಥವು. ಮೂರು-ನಾಲ್ಕಾದರೂ ಅವಳನ್ನು ವಿರೋಧಿಸುವಂಥವು ಇರಲೇಬೇಕು: ಫೋನ್ ಇಷ್ಟು ಅಗ್ಗವಾಗಿರುವಾಗ ದಪ್ಪ ಬ್ರೈಲ್ ಪುಸ್ತಕಕ್ಕೆ ಯಾಕೆ ಖರ್ಚು? ಮೊದಲ ಬಗೆಯ ಆ ಪ್ರಶ್ನೆಗೆ ಪುಸ್ತಕದಿಂದ ಉತ್ತರ ಬರುವುದಿಲ್ಲ, ಲಿಫ್ಟಿನ ಗುಂಡಿಯ ಪಕ್ಕದ ಚುಕ್ಕಿಗಳನ್ನಾದರೂ ಅವಳು ಬೆರಳಿಟ್ಟು ನೋಡಿರಬೇಕು. ಮೂರು ಅಂಶಗಳಲ್ಲಿ ಒಂದಾದರೂ ಸ್ವಂತ ಕಣ್ಣಿನದೋ ಕೈಯದೋ ಆಗಿರಲಿ ಎನ್ನುವುದು ಇದಕ್ಕೇ. ಉತ್ತರ ಮೂರು-ನಾಲ್ಕು ವಾಕ್ಯ. ಬರೀ 'ಯೆಸ್' ಅಂದರೆ ಕಡಿಮೆ, ಒಂದು ನಿಮಿಷ ಎಳೆದರೆ ಹೆಚ್ಚು. ಗೊತ್ತಿಲ್ಲದ್ದು ಬಂದರೆ, 'ಐ ಹ್ಯಾವೆಂಟ್ ರೆಡ್ ಅಬೌಟ್ ದಟ್, ಬಟ್ ಐ ಥಿಂಕ್' ಎಂದು ಶುರು ಮಾಡಲಿ. ಪ್ರಶ್ನೆಯೇ ಅರ್ಥವಾಗದಿದ್ದರೆ 'ಕುಡ್ ಯು ರಿಪೀಟ್ ದಟ್, ಪ್ಲೀಸ್' ಎನ್ನಲು ನಾಚಿಕೆ ಬೇಡ. ಬೇರೆ ಏನೋ ಊಹಿಸಿ ಉತ್ತರಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಮನೆಯಲ್ಲಿ ಈಚೆಗೆ ನಡೆದ ಸಾವು, ಕಾಯಿಲೆ ಇಂಥವನ್ನು ಆರಿಸದಂತೆ ನೋಡಿಕೋ. ಮಾತಾಡುತ್ತಾ ಗಂಟಲು ಕಟ್ಟುತ್ತದೆ, ಎದುರಿನವರಿಗೂ ಪ್ರಶ್ನೆ ಕೇಳಲು ಸಂಕೋಚ, ಕೇಳದಿದ್ದರೆ ಅಂಕ ಕೊಡಲು ಅವರಿಗೆ ಆಧಾರವಿಲ್ಲ. ರಾಜಕೀಯ ನಿಷಿದ್ಧವೇನಲ್ಲ, ಆದರೆ ಆ ವಯಸ್ಸಿನಲ್ಲಿ ಬರುವುದು ದೊಡ್ಡವರಿಂದ ಕೇಳಿದ ಮಾತೇ, ಎರಡನೇ ಪ್ರಶ್ನೆಗೆ ಅದು ಖಾಲಿ.

ಮೂರು ವಾರದಲ್ಲಿ ಮೊದಲ ಎರಡು ಮೂರು ದಿನ ಮಾತ್ರ ಆರಿಸುವುದಕ್ಕೆ. ಆ ವಾರದ ಉಳಿದ ದಿನ ಓದಿ, ನೋಡಿ, ಪದ ಕೂಡಿಸುವುದು. ಎರಡನೇ ವಾರ ಫೋನಿನಲ್ಲಿ ರೆಕಾರ್ಡ್ ಮಾಡಿ ಅವಳೇ ಕೇಳಲಿ. 'ಅಂ' ಎಂದು ನಿಂತ ಜಾಗಗಳಲ್ಲಿ ಯಾವ ಪದ ಸಿಗಲಿಲ್ಲ ಎಂದು ಬರೆದುಕೊಳ್ಳಲಿ. ಕೊನೆಯ ವಾರ ಪ್ರಶ್ನೆಗಳು ಮಾತ್ರ. ಆಗ ಗೆಳತಿಯ ವಿಷಯ ಚೆನ್ನಾಗಿದೆ, ನಾನೂ ಬದಲಿಸುತ್ತೇನೆ ಎಂದು ಬರುತ್ತಾಳೆ, ಬಹುತೇಕ ಎಲ್ಲ ಮಕ್ಕಳೂ ಬರುತ್ತಾರೆ. ಒಪ್ಪಬೇಡ.

ಅವಳು ಬರೆದ ಪಟ್ಟಿಯನ್ನು ಹೊಡೆದುಹಾಕಿದವುಗಳ ಸಮೇತ ಕಳಿಸು. ವಿರೋಧದ ಪ್ರಶ್ನೆಗಳನ್ನು ನಾನು ಬರೆದುಕೊಡುತ್ತೇನೆ, ನೀನು ಮಗಳ ಮೇಲೆ ಕನಿಕರ ತೋರಿಸಿ ಮೆತ್ತಗೆ ಕೇಳಿಬಿಡುತ್ತೀಯ.

ಇಂತಿ ನಿನ್ನ ಗೆಳೆಯ