ಕತ್ತಿನ ಸ್ಕ್ಯಾನ್‌ಗೆ ಸಹಿ ಹಾಕುವ ಮುನ್ನ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಹೃದ್ರೋಗ ತಪಾಸಣೆಯಲ್ಲಿ ಎಲ್ಲರಿಗೂ ಕತ್ತಿನ ರಕ್ತನಾಳದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿ ಅನ್ನುವ ಬೇಡಿಕೆ ನಿಮ್ಮ ಮೇಜಿಗೂ ಬಂದಿರಬಹುದು. ಸೂಜಿ ಚುಚ್ಚುವುದಿಲ್ಲ, ವಿಕಿರಣವಿಲ್ಲ, ಬೇಗ ಮುಗಿಯುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೂ ದಯವಿಟ್ಟು ಸಹಿ ಹಾಕಬೇಡಿ.

ಈ ಸ್ಕ್ಯಾನ್ ಅಳೆಯುವುದು ಕೆರೊಟಿಡ್ ನಾಳದ, ಅಂದರೆ ಕತ್ತಿನ ಮೂಲಕ ಮಿದುಳಿಗೆ ರಕ್ತ ಒಯ್ಯುವ ನಾಳದ, ಗೋಡೆಯ ಒಳಪದರ, ನಡುಪದರ ಎರಡೂ ಸೇರಿದ ದಪ್ಪವನ್ನು. ಜೆಲ್ ಹಚ್ಚಿ ಪ್ರೋಬ್ ಇಟ್ಟರೆ ಪರದೆಯ ಮೇಲೆ ಎರಡು ಬೆಳ್ಳನೆಯ ಗೆರೆ, ನಡುವೆ ಕಪ್ಪು ಪಟ್ಟಿ. ಅಷ್ಟರಲ್ಲೇ ನಮ್ಮ ಅಳತೆ. ಸಾಮಾನ್ಯವಾಗಿ 1 ಮಿಲಿಮೀಟರ್ ಕೂಡ ಇರುವುದಿಲ್ಲ. ವಯಸ್ಸಾದಂತೆ ಎಲ್ಲರಿಗೂ ದಪ್ಪವಾಗುತ್ತದೆ, ಅದೂ ವರ್ಷಕ್ಕೆ ಸುಮಾರು 0.01 ಮಿಲಿಮೀಟರಿನಷ್ಟು. ಪ್ರೋಬ್ ಕೊಂಚ ವಾಲಿದರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ನಾಡಿ ಬಡಿದಾಗಲೆಲ್ಲ ಗೋಡೆ ಹಿಗ್ಗಿ ತೆಳುವಾಗುತ್ತದೆ. ಹಾಗಾಗಿ ಇಸಿಜಿ ನೋಡಿಕೊಂಡು ಸರಿಯಾದ ಕ್ಷಣದ ಚಿತ್ರವನ್ನೇ ಹಿಡಿಯಬೇಕು. ಉದ್ದ ಸಾಲು ನಿಂತಿರುವ ಶಿಬಿರದಲ್ಲಿ ಇಷ್ಟೆಲ್ಲ ಆಗುತ್ತಾ?

ಗೋಡೆ ದಪ್ಪವಾದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ನಿಜ. ಆದರೆ ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ, ಧೂಮಪಾನ ಇವಿಷ್ಟು ಗೊತ್ತಿದ್ದ ಮೇಲೆ ಈ ಅಳತೆ ಹೊಸದಾಗಿ ಏನು ಹೇಳುತ್ತದೆ? 14 ಅಧ್ಯಯನಗಳ ಸುಮಾರು 46 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2012ರಲ್ಲಿ ನೋಡಿದರು. ಸಿಕ್ಕ ಲಾಭ ತೀರಾ ಅಲ್ಪ.

ಶಾಸನಸಭೆಗಳು ಇಲ್ಲಿ ಆತುರ ಮಾಡಿದ್ದೂ ಉಂಟು. ಅಮೆರಿಕದ ಟೆಕ್ಸಸ್ ರಾಜ್ಯ 2009ರಲ್ಲಿ ಕಾನೂನನ್ನೇ ತಂದು, ವಿಮಾ ಕಂಪನಿಗಳು ಇಂಥ ತಪಾಸಣೆಯ ಖರ್ಚು ಭರಿಸಬೇಕೆಂದಿತು. ಅಲ್ಲಿನ ಹೃದ್ರೋಗ ತಜ್ಞರ ಸಂಘಟನೆಗಳು 2010ರಲ್ಲಿ ಮಧ್ಯಮ ಅಪಾಯದವರಿಗೆ ಇದನ್ನು ಒಪ್ಪಿದ್ದವು. 2013ರಲ್ಲಿ ಅವೇ ಸಂಘಟನೆಗಳು ವಾಡಿಕೆಯ ತಪಾಸಣೆಗೆ ಇದು ಬೇಡ ಎಂದವು.

ನನಗೆ ಹೆಚ್ಚು ಭಯ ‘ನಾರ್ಮಲ್’ ರಿಪೋರ್ಟಿನದ್ದು. ಅದನ್ನು ಜೇಬಿಗಿಟ್ಟುಕೊಂಡವರು ಸಿಗರೇಟನ್ನೂ ಬಿಡುವುದಿಲ್ಲ, ಬಿಪಿ ಮಾತ್ರೆಯನ್ನೂ ನುಂಗುವುದಿಲ್ಲ.

ಯಂತ್ರಗಳನ್ನು ಮೂಲೆಗೆ ತಳ್ಳಿ ಅಂತಲ್ಲ. ಔಷಧ ಕೊಡಬೇಕೋ ಬೇಡವೋ ಎಂದು ವೈದ್ಯರಿಗೇ ಅನುಮಾನವಿದ್ದಾಗ, ನಾಳದಲ್ಲಿ ಪ್ಲಾಕ್ (ಗೋಡೆಗೆ ಅಂಟಿದ ಕೊಬ್ಬಿನ ಗಂಟು) ಕಟ್ಟಿದೆಯಾ ಎಂದು ನುರಿತ ಕೈ ಹುಡುಕಿದರೆ ಉಪಯೋಗವಿದೆ. ಉಳಿದಂತೆ ಆ ಹಣ ಬಿಪಿ ಯಂತ್ರಕ್ಕೆ, ರಕ್ತ ಪರೀಕ್ಷೆಗೆ, ತಿಂಗಳು ತಪ್ಪದೆ ಸಿಗುವ ಮಾತ್ರೆಗೆ ಹೋಗಲಿ.

ಕಡತ ತಂದವರನ್ನು ಒಂದೇ ಒಂದು ಕೇಳಿ: ಈ ಅಳತೆ ನೋಡಿ ಯಾರ ಚಿಕಿತ್ಸೆ ಬದಲಾಗುತ್ತದೆ? ಉತ್ತರವನ್ನು ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಇಂತಿ,
ಸ್ಕ್ಯಾನ್ ಕೋಣೆಯ ಒಬ್ಬ ತಂತ್ರಜ್ಞ