ಇ-ಮೇಲ್ ವಿಳಾಸ ನಮ್ಮ ಕೈಯಲ್ಲೇ ಇರಲಿ

ಮಾನ್ಯರೇ,

2025ರ ಆಗಸ್ಟ್‌ನಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡದ ಮನೆಗಳಲ್ಲೂ ಈಗ ಹಿರಿಯರು ವಾಟ್ಸ್‌ಆ್ಯಪ್ ನೋಡುತ್ತಾರೆ, ಅಂಗಡಿಯಲ್ಲಿ ಫೋನಿನಿಂದಲೇ ದುಡ್ಡು ಕೊಡುತ್ತಾರೆ. ಇ-ಮೇಲ್ ವಿಷಯಕ್ಕೆ ಬಂದರೆ ಮಾತ್ರ ಸ್ಥಿತಿ ಬೇರೆ. ಅರ್ಜಿ ತುಂಬುವ ಗಡಿಬಿಡಿಯಲ್ಲಿ ಯಾರೋ ಮಾಡಿಕೊಟ್ಟ ವಿಳಾಸ, ಪಾಸ್‌ವರ್ಡ್ ಬರೆದಿಟ್ಟ ಚೀಟಿ ಎಲ್ಲಿದೆಯೋ ಗೊತ್ತಿಲ್ಲ. ಕೆಲವರ ಅರ್ಜಿಯಲ್ಲಿ ಊರಲ್ಲಿಲ್ಲದ ಮಗನ ವಿಳಾಸ, ಇನ್ನು ಕೆಲವರದರಲ್ಲಿ ಅರ್ಜಿ ತುಂಬಿಕೊಟ್ಟವರದೇ ವಿಳಾಸ. ಅರ್ಜಿಯಲ್ಲಿ ತಪ್ಪಿದೆ, ಹದಿನೈದು ದಿನದೊಳಗೆ ಸರಿಪಡಿಸಿ ಎಂಬ ಸೂಚನೆ ಬಂದರೆ ಅದು ಸೇರಬೇಕಾದವರಿಗೆ ಸೇರುವುದೇ ಇಲ್ಲ. ಗ್ರಂಥಾಲಯಗಳೂ ಪಂಚಾಯತುಗಳೂ ಮುಂದೆ ಕಂಪ್ಯೂಟರ್ ತರಗತಿ ನಡೆಸುವಾಗ ಇ-ಮೇಲ್ ಮತ್ತು ಕ್ಯಾಲೆಂಡರನ್ನು ಕನ್ನಡದಲ್ಲೇ, ಕೈಹಿಡಿದು ಕಲಿಸಬೇಕು. ಕಲಿಸುವವರಿಗೂ ಕಲಿಯುವವರಿಗೂ ಉಪಯೋಗವಾದೀತೆಂದು ಕೆಲವು ವಿವರಗಳನ್ನು ಬರೆಯುತ್ತಿದ್ದೇವೆ. ಹೆಚ್ಚಿನವರ ಬಳಿ ಇರುವುದು ಜಿಮೇಲ್ ಆದ್ದರಿಂದ ಅದನ್ನೇ ಇಟ್ಟುಕೊಂಡು ಹೇಳುತ್ತೇವೆ.

ಆ್ಯಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ನಡೆಯುತ್ತಿದೆ ಎಂದರೆ ಅದರೊಳಗೆ ಒಂದು ಗೂಗಲ್ ಖಾತೆ ಇದ್ದೇ ಇದೆ. ಹಾಗಾಗಿ ಹೊಸದು ಮಾಡುವ ಮೊದಲು ಇರುವುದು ಯಾರದೆಂದು ನೋಡಬೇಕು. ಜಿಮೇಲ್ ತೆರೆದು ಬಲಮೂಲೆಯ ದುಂಡಗಿನ ಚಿತ್ರ ಒತ್ತಿದರೆ ಹೆಸರು, ವಿಳಾಸ ಕಾಣುತ್ತವೆ. ಆ ವಿಳಾಸವನ್ನು ಒಂದು ಕಾಗದದಲ್ಲಿ ಅಕ್ಷರ ಬಿಡಿಸಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಅರ್ಜಿಗಳಲ್ಲಿ ವಿಳಾಸ ಕೆಡುವುದು ಸಣ್ಣ ಸಣ್ಣ ಕಡೆಗಳಲ್ಲಿ: ಮೊದಲಿಗೆ ಮೂರು ಡಬ್ಲ್ಯು ಸೇರಿಸುವುದು, ನಡುವೆ ಜಾಗ ಬಿಡುವುದು, ಕೊನೆಯ ‘ಡಾಟ್ ಕಾಮ್’ನಲ್ಲಿ ಎಮ್ ಬದಲು ಎನ್ ಒತ್ತುವುದು. ಜಿಮೇಲ್‌ನಲ್ಲಿ ಹೆಸರಿನ ನಡುವಿನ ಚುಕ್ಕಿಗೆ ಬೆಲೆಯಿಲ್ಲ, ಹಾಕಿದರೂ ಬಿಟ್ಟರೂ ಒಂದೇ ಪೆಟ್ಟಿಗೆಗೆ ಬರುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರದ ಭೇದವೂ ಇಲ್ಲ. ಆದರೆ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ನಿಮ್ಮ ಒಟಿಪಿ ಬೇರೊಬ್ಬರ ಪೆಟ್ಟಿಗೆಗೆ ಹೋಗುತ್ತದೆ.

ಖಾತೆ ಕೈತಪ್ಪಲು ಈ ಕಡೆ ದೊಡ್ಡ ಕಾರಣ ಫೋನ್ ನಂಬರು. ಗಲ್ಫಿಗೆ ಹೋದವರ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಬಿದ್ದಿರುತ್ತದೆ. ಪ್ರಿಪೇಯ್ಡ್ ನಂಬರು 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ರದ್ದು ಮಾಡಿ ಮುಂದೆ ಬೇರೆಯವರಿಗೆ ಕೊಡಬಹುದು. ಖಾತೆ ಮರಳಿ ಪಡೆಯಲು ಕೊಟ್ಟದ್ದು ಅದೇ ನಂಬರಾಗಿದ್ದರೆ ಬಾಗಿಲು ಮುಚ್ಚಿದಂತೆಯೇ. ಗೂಗಲ್ ಖಾತೆಯ ‘ಭದ್ರತೆ’ ವಿಭಾಗದಲ್ಲಿ ಈಗ ಬಳಸುತ್ತಿರುವ ನಂಬರನ್ನೂ ಮನೆಯ ಇನ್ನೊಬ್ಬರ ಇ-ಮೇಲನ್ನೂ ಸೇರಿಸಿ. ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಹಾಕಿಕೊಂಡ ಮೇಲೆ, ಫೋನು ಕೈಯಲ್ಲಿಲ್ಲದಾಗ ಒಳಹೋಗಲು ಅಲ್ಲಿಯೇ ‘ಬ್ಯಾಕಪ್ ಕೋಡ್’ ಎಂಬುದು ಸಿಗುತ್ತದೆ. 8 ಅಂಕೆಗಳ 10 ಸಂಖ್ಯೆಗಳು, ಒಂದೊಂದೂ ಒಂದೇ ಸಲಕ್ಕೆ. ಇದನ್ನು ಮುದ್ರಿಸಿ ಕಪಾಟಿನಲ್ಲಿಡಿ. ಫೋನಿನಲ್ಲೇ ಫೋಟೊ ತೆಗೆದಿಟ್ಟರೆ ಫೋನು ಕಳೆದ ದಿನ ಅದೂ ಕಳೆದಿರುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದೂ ನೆನಪಿರಲಿ.

“ಮೇಲ್ ಬರುತ್ತಲೇ ಇಲ್ಲ” ಎಂಬ ದೂರಿಗೆ ಮೊದಲು ಸ್ಪ್ಯಾಮ್ ಪೆಟ್ಟಿಗೆ ನೋಡಬೇಕು. ಅಲ್ಲಿ ಬಿದ್ದದ್ದು 30 ದಿನದಲ್ಲಿ ತಾನಾಗಿ ಅಳಿಯುತ್ತದೆ. ಅಲ್ಲೂ ಇಲ್ಲವಾದರೆ ಜಾಗ ತುಂಬಿದೆಯೇ ನೋಡಿ. ಉಚಿತವಾಗಿ ಸಿಗುವ 15 ಜಿಬಿ ಬರೀ ಮೇಲಿಗಲ್ಲ. ಫೋಟೊ, ಡ್ರೈವ್, ಆ್ಯಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲವೂ ಅದರಲ್ಲೇ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದ ಮದುವೆ ಮನೆಯ ವಿಡಿಯೊಗಳು ಬ್ಯಾಕಪ್ ಆಗಿ 15 ಜಿಬಿ ತುಂಬಿದರೆ ಬ್ಯಾಂಕಿನ ಮೇಲ್ ಒಳಗೆ ಬರಲಾರದೆ ಕಳಿಸಿದವರಿಗೇ ಹಿಂದಿರುಗುತ್ತದೆ. ವಾಟ್ಸ್‌ಆ್ಯಪ್‌ನ ‘ಚಾಟ್ ಬ್ಯಾಕಪ್’ನಲ್ಲಿ ವಿಡಿಯೊ ಸೇರಿಸುವ ಆಯ್ಕೆಯನ್ನು ತೆಗೆದರೆ ಹೆಚ್ಚಿನವರ ತೊಂದರೆ ಅಲ್ಲಿಗೇ ತೀರುತ್ತದೆ.

ಮೇಲ್ ಬರೆಯುವಾಗ ಕ್ರಮ ತಿರುಗಿಸಿಕೊಳ್ಳುವುದು ಒಳ್ಳೆಯದು. ಮೊದಲು ದಾಖಲೆ ಲಗತ್ತಿಸಿ, ಆಮೇಲೆ ವಿಷಯ, ಒಕ್ಕಣೆ, ಕೊನೆಗೆ ವಿಳಾಸ. ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ, ಲಗತ್ತು ಮರೆಯುವುದೂ ಇಲ್ಲ. ವಿಷಯದ ಸಾಲಿನಲ್ಲಿ ‘ಅರ್ಜಿ’ ಎಂದಷ್ಟೇ ಬರೆದರೆ ಕಚೇರಿಯವರಿಗೆ ನೂರರಲ್ಲಿ ಒಂದು. ಅರ್ಜಿ ಸಂಖ್ಯೆ, ಗ್ರಾಮ, ಸರ್ವೇ ನಂಬರು ಅಲ್ಲೇ ಇರಲಿ. ಜಿಮೇಲ್ 25 ಎಂಬಿಯವರೆಗೆ ಲಗತ್ತು ಒಪ್ಪಿದರೂ ಪಡೆಯುವ ಕಡೆಯ ಮಿತಿ 10 ಎಂಬಿ ಇರಬಹುದು. ಅದಲ್ಲದೆ ಮೇಲಿನಲ್ಲಿ ಸಾಗುವಾಗ ಲಗತ್ತಿನ ಗಾತ್ರ ಸುಮಾರು ಮೂರನೇ ಒಂದರಷ್ಟು ಉಬ್ಬುತ್ತದೆ. 8 ಎಂಬಿಯ ಕಡತ ಹಿಂದಿರುಗುವುದು ಇದೇ ಕಾರಣಕ್ಕೆ. ಫೋನಿನ ಕ್ಯಾಮೆರಾದಲ್ಲಿ ತೆಗೆದ ರಶೀದಿಯ ಒಂದೊಂದು ಫೋಟೊವೂ 4-5 ಎಂಬಿ ಇರುತ್ತದೆ. ಡ್ರೈವ್ ಆ್ಯಪ್‌ನ ಸ್ಕ್ಯಾನ್‌ನಲ್ಲಿ ಕಪ್ಪು-ಬಿಳುಪು ಪಿಡಿಎಫ್ ಮಾಡಿದರೆ ಪುಟವೊಂದಕ್ಕೆ ಕೆಲವು ನೂರು ಕೆಬಿ ಸಾಕು, ಓದಲೂ ಚೆಂದ.

ಕನ್ನಡದ ಮಾತು. ಕೇರಳದ ಅಧಿಕೃತ ಭಾಷೆಯ ಕಾನೂನಿನ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸಚಿವಾಲಯ, ಇಲಾಖಾ ಮುಖ್ಯಸ್ಥರ ಕಚೇರಿಗಳ ಜೊತೆಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳ ಜೊತೆಗೂ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಕನ್ನಡದಲ್ಲಿ ಬರಬೇಕು. ಈ ಹಕ್ಕನ್ನು ಇ-ಮೇಲಿನಲ್ಲಿ ಬಳಸಬೇಕಾದರೆ ಅಕ್ಷರ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಸಂಕೇತದ್ದು, ಆಗಿರಬೇಕು. ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪು ಮಾಡಿಕೊಡುವುದುಂಟು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದಂಥವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ಕೊಂಬು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಅಧಿಕಾರಿ ಓದಲಾರದೆ ಬದಿಗಿಡುತ್ತಾರೆ. ಅದನ್ನು ಹುಡುಕಿದರೂ ಸಿಗದು. ಪರೀಕ್ಷೆ ಸುಲಭ: ಅಂಗಡಿಯವರು ಕೊಟ್ಟ ಕಡತದಿಂದ ಒಂದು ಸಾಲು ನಕಲಿಸಿ ಮೇಲಿನಲ್ಲಿ ಅಂಟಿಸಿ ನೋಡಿ. ಕೆಟ್ಟು ಬಂದರೆ ಯೂನಿಕೋಡಿಗೆ ಪರಿವರ್ತಿಸಿ ಕೊಡಲು ಹೇಳಿ, ಅದಾಗದಿದ್ದರೆ ಪಿಡಿಎಫ್ ಮಾಡಿಸಿ. ನೀವೇ ಬರೆಯುವುದಾದರೆ ಫೋನಿನ ಜಿಬೋರ್ಡ್ ಸಾಕು. ಕಂಪ್ಯೂಟರಿಗೆ, ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಮಲಯಾಳದಲ್ಲಿ ಬಂದ ಮೇಲನ್ನು ಜಿಮೇಲ್‌ನ ಮೂರು ಚುಕ್ಕಿ ಒತ್ತಿ ಕನ್ನಡಕ್ಕೆ ಅನುವಾದಿಸಿಕೊಳ್ಳಬಹುದು. ವಿಷಯದ ಅಂದಾಜಿಗೆ ಅದು ಸಾಕು. ದಿನಾಂಕ, ಮೊತ್ತ, ಕಂದಾಯದ ಪದಗಳನ್ನು ಮೂಲದಲ್ಲೇ ನೋಡಬೇಕು, ಇಲ್ಲವೇ ಮಲಯಾಳ ಬಲ್ಲವರಿಂದ ಓದಿಸಬೇಕು.

ಇನ್ನು ಕ್ಯಾಲೆಂಡರ್. ಇದರ ಬೆಲೆ ಕೃಷಿಕರ ಮನೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗೆ ಮೊದಲು ಒಮ್ಮೆ ಬೋರ್ಡೋ ಮದ್ದು ಬಿಟ್ಟು, 40-45 ದಿನ ಕಳೆದು ಮತ್ತೊಮ್ಮೆ ಬಿಡುವುದು ಕ್ರಮ. ಇದನ್ನು ‘ಪ್ರತಿ 40 ದಿನಕ್ಕೊಮ್ಮೆ’ ಎಂದು ಹಾಕಿಡಬಾರದು. ಮಳೆ ಹಿಡಿದೋ ಕೆಲಸದವರು ಸಿಗದೆಯೋ ಮೊದಲನೆಯದು ಒಂದು ವಾರ ತಡವಾದರೂ ಕ್ಯಾಲೆಂಡರ್ ತಾನು ಹಾಕಿಕೊಂಡ ದಿನದಿಂದಲೇ ಎಣಿಸುತ್ತದೆ. ಮದ್ದು ಬಿಟ್ಟ ದಿನ ಸಂಜೆಯೇ, ಅಂದಿನಿಂದ 40ನೇ ದಿನಕ್ಕೆ ಹೊಸ ಕಾರ್ಯಕ್ರಮ ಹಾಕಿ. ಕೆಲಸದವರನ್ನು ಗೊತ್ತುಮಾಡಿಕೊಳ್ಳಲು ಐದು ದಿನ ಮೊದಲು ಒಂದು ನೆನಪು, ಸುಣ್ಣ-ಮೈಲುತುತ್ತು ತರಲು ಎರಡು ದಿನ ಮೊದಲು ಇನ್ನೊಂದು. ಒಂದೇ ಕಾರ್ಯಕ್ರಮಕ್ಕೆ ಹೀಗೆ ಹಲವು ನೆನಪುಗಳನ್ನು ಹಾಕಬಹುದು. ಏನನ್ನೂ ಬದಲಿಸದೆ ಬಿಟ್ಟರೆ ಗೂಗಲ್ ಕ್ಯಾಲೆಂಡರ್ 30 ನಿಮಿಷ ಮೊದಲಷ್ಟೇ ಎಚ್ಚರಿಸುತ್ತದೆ, ಇಂಥ ಕೆಲಸಕ್ಕೆ ಅದರಿಂದ ಏನೂ ಆಗದು. ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲು, ವಾಹನದ ವಿಮೆ, ಕೇಂದ್ರ ಸರಕಾರದ ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರ, ಇವಕ್ಕೆ ಮರುಕಳಿಕೆ ಸರಿ.

ತಿಥಿಯ ಮೇಲೆ ಹೋಗುವ ಶ್ರಾದ್ಧ, ಜಾತ್ರೆಗಳಿಗೆ ‘ಪ್ರತಿ ವರ್ಷ’ ಎಂದು ಹಾಕಿದರೆ ಮರುವರ್ಷವೇ ಹತ್ತು ಹನ್ನೊಂದು ದಿನ ತಪ್ಪುತ್ತದೆ, ನಡುವೆ ಅಧಿಕ ಮಾಸ ಬಂದರೆ ಇನ್ನೂ ಹೆಚ್ಚು. ಹೊಸ ಪಂಚಾಂಗ ಬಂದ ದಿನ ಒಂದರ್ಧ ಗಂಟೆ ಕೂತು ಆ ವರ್ಷದ ದಿನಗಳನ್ನು ಬಿಡಿಬಿಡಿಯಾಗಿ ಸೇರಿಸುವುದೇ ದಾರಿ. ಮನೆಯವರೊಂದಿಗೆ ಆ ಕ್ಯಾಲೆಂಡರನ್ನು ಹಂಚಿಕೊಂಡರೆ ದುಬೈಯಲ್ಲಿರುವವರಿಗೂ ಅದೇ ಕಾಣುತ್ತದೆ. ಆದರೆ ಇಂಥವನ್ನು ‘ಇಡೀ ದಿನ’ ಎಂದೇ ಹಾಕಿ. ಗಂಟೆ ಹಾಕಿದರೆ ಅಲ್ಲಿನ ಸಮಯಕ್ಕೆ ಒಂದೂವರೆ ಗಂಟೆ ಹಿಂದೆ ತೋರಿಸಿ ಗೊಂದಲವಾಗುತ್ತದೆ.

ಫೋನ್ ನಂಬರುಗಳನ್ನು ಉಳಿಸುವಾಗ ‘ಸಿಮ್’, ‘ಫೋನ್’ ಬಿಟ್ಟು ಗೂಗಲ್ ಖಾತೆಯನ್ನೇ ಆರಿಸಿ, +91 ಸೇರಿಸಿ ಬರೆಯಿರಿ. ಫೋನು ನೀರಿಗೆ ಬಿದ್ದರೂ ಹೊಸದರಲ್ಲಿ ಎಲ್ಲವೂ ಬರುತ್ತದೆ.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕಲಿಸುವವರಿಗೆ ಒಂದು ಮಾತು. ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಮೇಲ್, ವಿಳಾಸ ಪುಸ್ತಕ, ಕ್ಯಾಲೆಂಡರ್ ಒಂದೇ ಕಡೆ ಇದ್ದು, ನೆಟ್ ಹೋದರೂ ಇಳಿಸಿಕೊಂಡ ಮೇಲ್ ಓದಬಹುದು. ಮನೆಯ ಕಂಪ್ಯೂಟರಿಗೆ ಅದು ಬಹಳ ಒಳ್ಳೆಯದು. ಖಾತೆ ಸೇರಿಸುವಾಗ ಐಮ್ಯಾಪ್ (ಮೇಲ್ ಸರ್ವರಿನಲ್ಲೇ ಉಳಿದು ಫೋನಿನಲ್ಲೂ ಕಂಪ್ಯೂಟರಿನಲ್ಲೂ ಕಾಣುವ ವಿಧಾನ) ಆರಿಸಬೇಕು, ಅದರ ಪೋರ್ಟ್ 993. ಪಾಪ್ ಆರಿಸಿದರೆ ಮೇಲ್ ಕಂಪ್ಯೂಟರಿಗೆ ಇಳಿದು ಸರ್ವರಿನಿಂದ ಅಳಿದುಹೋಗಬಹುದು, ಆಗ ಫೋನಿನಲ್ಲಿ ಕಾಣದು. ಹತ್ತು ಮಂದಿ ಬಳಸುವ ಕಂಪ್ಯೂಟರಿನಲ್ಲಿ ಮಾತ್ರ ಥಂಡರ್‌ಬರ್ಡ್ ಹಾಕಲೇಬೇಡಿ. ಅಲ್ಲಿ ಬ್ರೌಸರಿನ ಅತಿಥಿ ಕಿಟಕಿ (ಗೆಸ್ಟ್ ವಿಂಡೊ) ತೆರೆದು ಕಲಿಸಿ, ಮುಗಿದ ಮೇಲೆ ಮುಚ್ಚಿಸಿ. ಯಾರಾದರೂ ಮಾಮೂಲಿ ಕಿಟಕಿಯಲ್ಲೇ ಲಾಗಿನ್ ಆಗಿ ಮನೆಗೆ ಹೋಗಿದ್ದರೆ ಅವರ ಫೋನಿನಿಂದಲೇ ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ‘ನಿಮ್ಮ ಸಾಧನಗಳು’ ತೆರೆದು ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿಸಬಹುದು. ತರಗತಿಯ ಮೊದಲ ದಿನವೇ ಇದನ್ನು ಒಮ್ಮೆ ಮಾಡಿ ತೋರಿಸಬೇಕೆಂದು ನಮ್ಮ ವಿನಂತಿ.

— ಕಂಪ್ಯೂಟರ್ ಕಲಿಸುವ ಇಬ್ಬರು ಓದುಗರು, ಬದಿಯಡ್ಕ